ಇನ್ನೆರಡು ಇಂಚು, ಮಾಮಾ

ಕೊಟ್ಟೂರಯ್ಯನ ಬಾಯಲ್ಲಿ ಈಗ ಉಳಿದದ್ದು ಒಂದೇ ಮಾತು: "ಮುಂದೆ."

ನೀರು ಬೇಕಾದರೂ ಮುಂದೆ, ಬೇಡವಾದರೂ ಮುಂದೆ. ಹೆಂಡತಿ ದಾಕ್ಷಾಯಣಿ ಗಂಜಿಯ ಬಟ್ಟಲು ಹಿಡಿದು ಬಂದರೆ ಮುಖ ಹಿಂದಕ್ಕೆ ತಿರುಗಿಸಿ "ಮುಂದೆ" ಎನ್ನುತ್ತಿದ್ದ. ಕಾಶಿಯ ಕನ್ನಡ ಮಠದಲ್ಲಿ ಇಪ್ಪತ್ತೆರಡು ವರ್ಷ ಯಾತ್ರಿಕರನ್ನು ಸ್ಟೇಷನ್ನಿನಿಂದ ಕರೆತಂದು, ಕೋಣೆಯ ಬೀಗದ ಕೈ ಕೊಟ್ಟು, ಘಾಟಿಗೆ ಇಳಿಸಿ, ಗಲ್ಲಿಗಳಲ್ಲಿ ಕಳೆದುಹೋಗದಂತೆ ತಿರುಗಿ ಕರೆತಂದವನು ಅವನು. ದಿನಕ್ಕೆ ನೂರು ಸಲ "ಮುಂದೆ ನಡೀರಿ, ಮುಂದೆ ನಡೀರಿ" ಅಂದಿದ್ದ. ಕಾರ್ತಿಕದ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನು ಕುಸಿದುಬಿದ್ದ. ಬಲಗೈ ಬಲಗಾಲು ತಿಂಗಳೊಳಗೆ ಅಷ್ಟಿಷ್ಟು ಮರಳಿದವು. ಮಾತು ಮಾತ್ರ ಮಾತಿಗೆ ತಪ್ಪಿತು.

"ನೋಡಿ ತಾಯಿ," ಎಂದರು ನೋಡಲು ಬಂದ ಮಠದ ವ್ಯವಸ್ಥಾಪಕರು. ಹೆಸರು ಚಂದ್ರಮೌಳೇಶ್ವರ, ಶಿವಮೊಗ್ಗದ ಕಡೆಯವರು, ಪ್ರತಿ ವಾಕ್ಯವನ್ನೂ ಇಸ್ತ್ರಿ ಮಾಡಿಯೇ ಹೊರಗೆ ಬಿಡುವವರು. "ಶಿವರಾತ್ರಿಗೆ ಊರ ಕಡೆಯಿಂದ ತಂಡ ತಂಡವಾಗಿ ಜನ ಬರುತ್ತಾರೆ. ಅಷ್ಟರೊಳಗೆ ಕೊಟ್ಟೂರಯ್ಯನವರಿಗೆ ಮಾತು ಬಂದರೆ ಬಹಳ ಸಂತೋಷ. ಬಾರದಿದ್ದರೆ ಆ ಕೆಲಸಕ್ಕೆ ಬೇರೆಯವರನ್ನು ನೋಡಬೇಕಾಗುತ್ತದೆ. ಮನೆಯೂ ಕೆಲಸಕ್ಕೆ ಅಂಟಿಕೊಂಡದ್ದು, ಅಲ್ಲವೇ?"

ದಾಕ್ಷಾಯಣಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದಳು. ಉತ್ತರ ಒಳಕೋಣೆಯಿಂದ ಬಂತು.

"ಬ್ಯಾರೆಯವರು ಯಾಕ ಬೇಕ್ರಿ? ನನ್ನ ಮಗಳ ಮಗ ಗುರುಪ್ರಕಾಶ ಇದ್ದಾನಲ್ಲ! ಒಂದು ಕಾಗದ ಬರದ್ರ ಓಡಿ ಬರ್ತಾನ."

ಇದು ಕೊಟ್ಟೂರಯ್ಯನ ತಾಯಿ ಶರಣಬಸಮ್ಮ. ಕಾಶಿಯಲ್ಲಿ ಸಾಯಬೇಕೆಂದು ಒಂಬತ್ತು ವರ್ಷದ ಹಿಂದೆ ಬಂದವಳು, ಬಂದ ಕೆಲಸವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಮಾಡುತ್ತಿದ್ದಳು.

ಗುರುಪ್ರಕಾಶ ಎಂಟೇ ದಿನಕ್ಕೆ ಬಂದ. ಇಪ್ಪತ್ತನಾಲ್ಕರ ಹುಡುಗ, ಎದೆ ಉಬ್ಬಿಸಿ ನಡೆಯುವವನು, ಕಾಲೇಜಿನ ಭಾಷಣ ಸ್ಪರ್ಧೆಗಳಲ್ಲಿ ಗೆದ್ದ ಸ್ಟೀಲ್ ಲೋಟಗಳ ಲೆಕ್ಕ ಹೇಳುವವನು. ಜೊತೆಗೆ ಒಂದು ಚೀಲ ಜೋಳದ ಹಿಟ್ಟನ್ನೂ ತಂದಿದ್ದನಾದ್ದರಿಂದ ದಾಕ್ಷಾಯಣಿ ಅವನನ್ನು ಪೂರ್ತಿಯಾಗಿ ದ್ವೇಷಿಸುವುದು ಸಾಧ್ಯವಾಗಲಿಲ್ಲ. ಕಾಶಿಯಲ್ಲಿ ಒಳ್ಳೆಯ ಜೋಳ ಸಿಗುವುದು ಕೊಟ್ಟೂರಯ್ಯನಿಗೆ ಮಾತು ಬರುವಷ್ಟೇ ಕಷ್ಟ.

ಮೂರನೆಯ ದಿನ ಊಟಕ್ಕೆ ಕೂತಾಗ, ಗುರುಪ್ರಕಾಶನ ಆರನೆಯ ರೊಟ್ಟಿಯ ಹೊತ್ತಿಗೆ, ಅಜ್ಜಿ ಬಾಯಿ ಬಿಟ್ಟಳು.

"ದಾಕ್ಷಾಯಣಿ, ಶಿವರಾತ್ರಿಗೆ ಇವಂಗ ಕೆಲಸ ಕಾಯಂ ಆತಂದ್ರ, ಯುಗಾದಿ ಕಳದು ಅಕ್ಷರಾನ ಇವಂಗ ಕೊಟ್ಟುಬಿಡೂನು. ಸ್ವಾದರಮಾವನ ಮಗಳು, ಹಕ್ಕಿಂದು. ಕೆಲಸಾನೂ ಮನ್ಯಾಗ, ಮನೀನೂ ಮನ್ಯಾಗ."

ಹತ್ತೊಂಬತ್ತರ ಅಕ್ಷರಾ ಬಿ.ಎ. ಎರಡನೆಯ ವರ್ಷದವಳು. ಹುಟ್ಟಿದ್ದೇ ಕಾಶಿಯಲ್ಲಿ, ಸಿಟ್ಟು ಬಂದರೆ ಕನ್ನಡ ಕೈಕೊಟ್ಟು ಹಿಂದಿ ಕೈಹಿಡಿಯುತ್ತಿತ್ತು.

"ಅರೇ ಅಜ್ಜಿ, ನಾನೇನು ಕ್ವಾರ್ಟರ್ಸ್ ಜೊತೆ ಸಿಗೋ ಫ್ಯಾನ್ ಏನು? ಬಸ್ ಕರೋ!"

"ಫ್ಯಾನ್ ಆದ್ರೂ ತಣ್ಣಗ ಇರತೈತಿ," ಎಂದಳು ಅಜ್ಜಿ.

"ಅವ್ವಾ, ನೀನು ಏನಾದ್ರೂ ಹೇಳು!"

ದಾಕ್ಷಾಯಣಿ ರೊಟ್ಟಿ ಬಡಿಯುವುದನ್ನು ಇನ್ನಷ್ಟು ಜೋರು ಮಾಡಿದಳು. "ನಾ ಏನ್ ಹೇಳ್ಲಿ? ನಿಮ್ಮಪ್ಪಗ ಮಾತು ಬರ್ಲಿ, ಅವರ ಹೇಳ್ತಾರ. ಬರಲಿಲ್ಲ ಅಂದ್ರ ಈ ಮನಿ ಬಿಟ್ಟು ಎಲ್ಲಿಗೆ ಹೋಗೂದು, ಅದನ್ನ ನೀ ಹೇಳು."

ಗೋಡೆಗೆ ಒರಗಿದ್ದ ಕೊಟ್ಟೂರಯ್ಯ ಮಗಳನ್ನು ನೋಡಿದ, ಅಳಿಯನನ್ನು ನೋಡಿದ. ತುಟಿ ಎಡಕ್ಕೆ ಎಳೆದುಕೊಂಡಿತು. "ಮುಂದೆ," ಎಂದ.

"ನೋಡ್ರಿ, ಒಪ್ಪಿಗಿ ಕೊಟ್ಟ," ಎಂದಳು ಅಜ್ಜಿ.

ಕೊಟ್ಟೂರಯ್ಯನ ಕಣ್ಣಿಂದ ನೀರು ಇಳಿಯಿತು. ಗುರುಪ್ರಕಾಶ ಏಳನೆಯ ರೊಟ್ಟಿ ಬೇಡವೆಂದ.

ಅಂದಿನಿಂದ ಅಕ್ಷರಾಳಿಗೆ ಮನೆಯಲ್ಲಿ ಕೂತರೆ ಏಳಬೇಕೆನಿಸುತ್ತಿತ್ತು, ಎದ್ದರೆ ಎಲ್ಲಿಗೆಂದು ತಿಳಿಯುತ್ತಿರಲಿಲ್ಲ. ಒಲೆಯ ಮುಂದೆ ಕೂತು ಗುರುಪ್ರಕಾಶನ ಹಾಗೆ ಕತ್ತು ನೀಡಿ, "ಪುಣ್ಯಕ್ಷೇತ್ರಕ್ಕೆ ಪಾದಾರ್ಪಣೆ ಮಾಡಿರುವ ಭಕ್ತ ಮಹಾಶಯರೇ!" ಎಂದು ಅವ್ವನಿಗೆ ಭಾಷಣ ಮಾಡಿ ತೋರಿಸುವಳು. ಅವ್ವ ನಗು ತಡೆಯಲಾರದೆ ಲಟ್ಟಣಿಗೆ ಎತ್ತುವಳು. ಕ್ಷಣದಲ್ಲಿ ಇಬ್ಬರಿಗೂ ನಗು ಆರಿಹೋಗುವುದು.

ಪುಷ್ಯದ ಒಂದು ಭಾನುವಾರ ಬೆಳಿಗ್ಗೆ ಕರೆಂಟು ಹೋಗಿತ್ತು. ಅಕ್ಷರಾ ಅಪ್ಪನ ಬಲಗೈಗೆ ಸಾಸಿವೆ ಎಣ್ಣೆ ತಿಕ್ಕುತ್ತಿದ್ದಳು. ಆ ಕೈ ಮುಷ್ಟಿಯನ್ನು ಬಿಚ್ಚಲು ತಕರಾರು ಮಾಡುತ್ತಿತ್ತು. ಬೆರಳನ್ನು ಒಂದೊಂದಾಗಿ ಬಿಡಿಸುತ್ತ ತನಗೆ ಗೊತ್ತಿಲ್ಲದಂತೆಯೇ ಗುನುಗಿದಳು:

"ಘೋಂಘಾ ಮಾಮಾ, ದೋ ಇಂಚ್ ಔರ್..."

ಆರೇಳು ವರ್ಷದ ಹಿಂದೆ ಪ್ರತಿ ಭಾನುವಾರ ಸರ್ಕಾರಿ ಟೀವಿಯಲ್ಲಿ ಬರುತ್ತಿದ್ದ ಮಕ್ಕಳ ಹಾಡು ಅದು. ಘೋಂಘಾ ಎಂದರೆ ಬಸವನಹುಳು. ಬಟ್ಟೆಯ ಬಸವನಹುಳುವೊಂದು ಗೋಡೆ ಹತ್ತುವುದು, ಧೊಪ್ಪನೆ ಬೀಳುವುದು. ಗೊಂಬೆ ಕಪ್ಪೆಗಳು ಸುತ್ತ ನಿಂತು "ಇನ್ನೆರಡು ಇಂಚು, ಮಾಮಾ, ಇನ್ನೆರಡು ಇಂಚು" ಎಂದು ಕೂಗುವುವು. ಗಲ್ಲಿಯ ಮಕ್ಕಳೆಲ್ಲ ಇವರ ಪಡಸಾಲೆಯ ಶಟರಿನ ಟೀವಿಯ ಮುಂದೆ ಸೇರಿ ಗಂಟಲು ಹರಿಯುವಂತೆ ಹಾಡುತ್ತಿದ್ದರು. ಆಗೆಲ್ಲ ಕೊಟ್ಟೂರಯ್ಯ "ಹುಳಕ್ಕ ಒಂದು ಹಾಡು, ಅದಕ್ಕ ಒಂದು ಸರ್ಕಾರ!" ಎಂದು ಬೈದು, ಲಿಂಗಪೂಜೆಗೆ ತೊಂದರೆಯೆಂದು ಬಾಗಿಲು ಎಳೆದುಕೊಳ್ಳುತ್ತಿದ್ದ.

"ಘೋಂಘಾ ಮಾಮಾ, ದೋ ಇಂಚ್ ಔರ್..." ಎಂದು ಮತ್ತೆ ಗುನುಗಿದಳು ಅಕ್ಷರಾ.

"ಛತ್ ಹೈ ಊಪರ್, ದೋ ಇಂಚ್ ಔರ್," ಎಂದ ಕೊಟ್ಟೂರಯ್ಯ.

ಅಕ್ಷರಾಳ ಕೈಯಿಂದ ಎಣ್ಣೆಯ ಬಟ್ಟಲು ಉರುಳಿತು. ಛಾವಣಿ ಮೇಲಿದೆ, ಇನ್ನೆರಡು ಇಂಚು. ರಾಗ ಸಮೇತ, ಸ್ಪಷ್ಟವಾಗಿ ಹೇಳಿದ್ದ! ತನ್ನ ಬಾಯಿಂದಲೇ ಬಂತೇ ಎಂಬಂತೆ ಅವನು ಗಲ್ಲ ಮುಟ್ಟಿ ನೋಡಿಕೊಂಡ.

"ಅವ್ವಾ! ಅಪ್ಪ ಹಾಡಿದ್ರು! ಅಜ್ಜಿ!"

ಎಲ್ಲರೂ ಬಂದು ಕೂತರು. ಮತ್ತೆ ಹಾಡಿಸಿದರು. ಮೊದಲ ಚರಣ ಇಡೀ ಬಂತು. ದಾಕ್ಷಾಯಣಿ ಅತ್ತಳು. ಅಜ್ಜಿ ಮಾತ್ರ ಸೊಂಟಕ್ಕೆ ಕೈ ಇಟ್ಟು ನಿಂತಳು.

"ಕೊಟ್ರಾ, ‘ನಮಃ ಶಿವಾಯ’ ಅನ್ನು."

ಕೊಟ್ಟೂರಯ್ಯ ತುಟಿ ತಿರುಚಿದ, ಹಣೆಯ ನರ ಉಬ್ಬಿತು. "ಮು... ಮುಂದೆ."

"ನಲವತ್ತು ವರ್ಷ ಲಿಂಗಪೂಜಿ ಮಾಡಿದ ನಾಲಿಗಿಗೆ ಪಂಚಾಕ್ಷರಿ ಬರವಲ್ದು, ಹುಳದ ಹಾಡು ಬರತೈತಿ! ಏನ್ ಕರ್ಮ ಇದು!"

"ಅಜ್ಜಿ, ಹುಳ ಅಂತ ಯಾಕಂತಿ? ನಮ್ಮ ಭಾಷಾದಾಗ ಅದು ಬಸವನಹುಳು. ಬಸವಣ್ಣನ ಹೆಸರು ಐತಿ, ಸಾಕಲ್ಲ?"

"ಹೆಸರಿಟ್ಟ ಕೂಡ್ಲೆ ಶರಣ ಆಗ್ತೈತೇನು? ನನ್ನ ಹೆಸರಾಗೂ ಐತಿ ಬಸವ."

"ಅದಕ್ಕ ನೀನೂ ಇನ್ನೂ ಮನಿ ಹೊತ್ಕೊಂಡ ಅಡ್ಡಾಡ್ತಿ," ಎಂದಳು ಅಕ್ಷರಾ.

ಸೋಮವಾರ ಭೇಲೂಪುರದ ಕ್ಲಿನಿಕ್ಕಿಗೆ ಕರೆದೊಯ್ದರು. ಡಾಕ್ಟರು ಕಿವಿಗೊಟ್ಟು ಕೇಳಿದರು. ಎರಡನೆಯ ಸಾಲಿಗೆ ಅವರ ಕಾಲೂ ಮೇಜಿನ ಕೆಳಗೆ ತಾಳ ಹಾಕತೊಡಗಿತು. "ಮೆದುಳಿನಲ್ಲಿ ಮಾತಿನ ಬಾಗಿಲು ಜಾಮ್ ಆಗಿದೆ. ಹಾಡಿನ ಬಾಗಿಲು ಬೇರೆ, ಅದು ತೆರೆದಿದೆ," ಎಂದು ಹಿಂದಿಯಲ್ಲಿ ವಿವರಿಸಿದರು. "ಬೇಕಾದ ಮಾತನ್ನು ಅದೇ ರಾಗಕ್ಕೆ ಕೂರಿಸಿ ಹೇಳಿಸಿ. ಎಡಗೈಯಿಂದ ತೊಡೆಯ ಮೇಲೆ ತಾಳ ಹಾಕಲಿ. ಮೊದಲು ಹಾಡು ಪೂರ್ತಿ ಬರಲಿ, ಆಮೇಲೆ ಹೊಸ ಮಾತು."

ತೊಂದರೆ ಎಂದರೆ ಹಾಡು ಯಾರಿಗೂ ಪೂರ್ತಿ ಗೊತ್ತಿರಲಿಲ್ಲ. ಅಕ್ಷರಾಳಿಗೆ ಒಂದೂವರೆ ಚರಣ ನೆನಪಿತ್ತು. ಮರುದಿನ ಗೆಳತಿ ವನಮಾಲಾಳನ್ನು ಎಳೆದುಕೊಂಡು ವಿಶ್ವವಿದ್ಯಾಲಯದ ಬಾಗಿಲಿನ ಲಂಕಾ ಪೇಟೆಯ ಚಹದಂಗಡಿಯಲ್ಲಿ ಕೂತು, ಬಂದವರನ್ನೆಲ್ಲ ಹಿಡಿದು ಕೇಳಿದಳು. ಗಡ್ಡ ಬಿಟ್ಟ ಸಂಶೋಧನಾ ವಿದ್ಯಾರ್ಥಿಯೊಬ್ಬ ಮಣ್ಣಿನ ಕುಡಿಕೆಯನ್ನು ಕೆಳಗಿಟ್ಟು, ಬೆಂಚಿನ ಮೇಲೆ ತೆವಳಿ, ಹುಳು ಬೀಳುವ ‘ಧಪ್ಪ್’ ಸದ್ದನ್ನು ಮಾಡಿ ತೋರಿಸಿದ. ಇನ್ನೊಬ್ಬ ಕಪ್ಪೆಯಾದ. ಪರೀಕ್ಷೆಗೆ ಮೂರನೆಯ ಸಲ ಕೂತವನೊಬ್ಬ, "ಆ ಹಾಡು ಕೇಳಿಯೇ ನಾನು ಇಲ್ಲಿಯವರೆಗೆ ತೆವಳಿದ್ದು," ಎಂದು ಮಂಕಾದ. ಎರಡನೆಯ ಚರಣ ಹೀಗೆ ಚೂರು ಚೂರಾಗಿ ಕೂಡಿಬಂತು. ಮೂರನೆಯದನ್ನು ಕೇಳಿದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು.

"ಅಕ್ಷರಾ, ನೆನಪು ಮಾಡಿಕೋ," ಎಂದಳು ವನಮಾಲಾ. "ಅಷ್ಟೊತ್ತಿಗೆ ಪ್ರತಿ ಭಾನುವಾರ ಏನಾಗ್ತಿತ್ತು?"

"ಬತ್ತೀ ಗುಲ್!" ಎಂದರು ನಾಲ್ಕೈದು ಜನ ಒಟ್ಟಿಗೆ. ಕರೆಂಟು ಹೋಗುತ್ತಿತ್ತು. ಇಡೀ ಬನಾರಸಿನಲ್ಲಿ ಆ ಹುಳು ಛಾವಣಿ ಮುಟ್ಟಿದ್ದನ್ನು ಯಾರೂ ನೋಡಿರಲಿಲ್ಲ.

ಮನೆಯಲ್ಲಿ ಎರಡು ಚರಣದಲ್ಲೇ ಸಂಸಾರ ಸಾಗಿತು. ಮೊದಲ ವಾರ "ನೀರು ಬೇಕು, ಎರಡೇ ಗುಟುಕು" ಬಂತು. ಎರಡನೆಯ ವಾರ ಹೆಂಡತಿಯ ಹೆಸರು ಬಂತು. ಆದರೆ ರಾಗಕ್ಕೆ ಒಗ್ಗದೆ ದಾಕ್ಷಾ ಒಂದು ಕಡೆ, ಯಣಿ ಒಂದು ಕಡೆ ಬಿದ್ದಳು. ಮೂರನೆಯ ವಾರ ಮೊದಲ ಜಗಳ ಬಂತು. ಕೊಟ್ಟೂರಯ್ಯ ತಾಟು ಮುಂದಿಟ್ಟುಕೊಂಡು ತೊಡೆ ತಟ್ಟುತ್ತ ಹಾಡಿದ:

"ರೊಟ್ಟಿ ಸೀದೈತಿ, ನೋಡೇ ಇಲ್ಲ! ಪಲ್ಯಕ್ಕ ಉಪ್ಪು, ಹಾಕೇ ಇಲ್ಲ!"

"ಎರಡು ತಿಂಗಳು ಸುಮ್ಮನಿದ್ರಿ, ಛಲೋ ಇತ್ತು!" ಎಂದಳು ದಾಕ್ಷಾಯಣಿ. "ಮೂರು ಹೊತ್ತೂ ಅದ ರಾಗ. ನಿನ್ನೆ ಹಾಲಿನವ ‘ಕಾ ಹೋ ಮಾತಾಜಿ, ಮನ್ಯಾಗ ನಾಟಕ ಕಂಪನಿ ತಗದೀರೇನು’ ಅಂತ ಕೇಳಿದ. ಕುಕ್ಕರೂ ಈಗ ಆ ರಾಗದಾಗ ಸೀಟಿ ಹೊಡೀತೈತಿ!"

"ಉಪ್ಪು ತಾರೇ, ಮಾತು ಸಾಕು!"

ಅವಳು ಉಪ್ಪು ತಂದು ತಾಟಿನ ಅಂಚಿಗೆ ಕುಕ್ಕಿದಳು. ಅಡುಗೆಮನೆಗೆ ಹೋಗಿ ಒಬ್ಬಳೇ ನಕ್ಕಳು.

ಹಾಡು ಇಲ್ಲದೆ ಮಾತ್ರ ಒಂದಕ್ಷರವೂ ಹೊರಡುತ್ತಿರಲಿಲ್ಲ. ಅಜ್ಜಿ ಅದನ್ನು ಬಿಡದೆ ಹಿಡಿದಳು. "ಮಠದಾಗ ಮಂದಿ ಮುಂದ ಹಿಂಗ ತೊಡಿ ಬಡಕೊಂಡು ಹಾಡ್ತಾನೇನು? ಹುಚ್ಚ ಅಂತಾರ. ಗುರುಪ್ರಕಾಶನ ಮಾತು ಕೇಳ್ರಿ, ಗಂಟಿ ಹೊಡದಂಗ ಐತಿ."

ಗಂಟೆಯೇನೋ ಹೊಡೆಯುತ್ತಿತ್ತು, ಕೇಳಿದವರಿಗೆ ಹೊತ್ತು ತಿಳಿಯುತ್ತಿರಲಿಲ್ಲ. ಅವನ ಭಾಷಣಕ್ಕೆ ಭಕ್ತರು ತಲೆದೂಗಿ, ಆಮೇಲೆ ಬೇಕಾದ ಕಡೆ ಹೋಗಿಬಿಡುತ್ತಿದ್ದರು. ಹಿಂದಿನ ವಾರವಷ್ಟೇ ಒಬ್ಬ ಮುದುಕ, ಮಠಕ್ಕೆ ಹೋಗುತ್ತದೆಂದು ಟೆಂಪೊ ಹತ್ತಿ, ಸೇತುವೆ ದಾಟಿ ಗಂಗೆಯ ಆಚೆ ದಡದ ರಾಮನಗರದ ಕೋಟೆ ನೋಡಿಬಂದಿದ್ದ.

ಶಿವರಾತ್ರಿಗೆ ಹತ್ತು ದಿನ ಉಳಿದಿರುವಾಗ ಗುರುಪ್ರಕಾಶ ಮಾಳಿಗೆಯ ಮೇಲೆ ಅಕ್ಷರಾಳನ್ನು ಹಿಡಿದು ನಿಲ್ಲಿಸಿದ. ಅವಳು ಒಣಗಿದ ಬಟ್ಟೆ ತೆಗೆಯುತ್ತಿದ್ದಳು.

"ನನಗ ಆ ಹಾಡಿನ ಮೂರನೇ ಚರಣ ಗೊತ್ತೈತಿ," ಎಂದ. ಗಂಟೆಯ ದನಿ ಇರಲಿಲ್ಲ.

"ನಿನಗೆ? ಹಿಂದಿನೇ ಬರಲ್ಲ ನಿನಗೆ."

"ನಮ್ಮೂರ ಪಂಚಾಯ್ತಿ ಟೀವಿಯಾಗ ನೋಡ್ತಿದ್ದೆ. ನಮಗ ಆಗ ಕರೆಂಟು ಇರ್ತಿತ್ತು. ಅರ್ಥ ಗೊತ್ತಿಲ್ಲ, ಬಾಯಿಪಾಠ ಐತಿ." ಕೈ ಕಟ್ಟಿಕೊಂಡು, ಹದಿನೇಳರ ಹುಡುಗನ ಹಾಗೆ ಕಣ್ಣು ಮುಚ್ಚಿ ಹಾಡಿದ. ರಾಗ ತಪ್ಪಿರಲಿಲ್ಲ. ಮಾತುಗಳು ಮಾತ್ರ ಹಿಂದಿಯೂ ಅಲ್ಲ, ಕನ್ನಡವೂ ಅಲ್ಲ. ತೊಳೆದು ತೊಳೆದು ಬಣ್ಣ ಹೋದ ಬಟ್ಟೆಯ ಹಾಗೆ ಇದ್ದವು. ಅಕ್ಷರಾ ಮೂರು ಸಲ ಕೇಳಿದಳು.

"ಒಂದೂ ತಿಳೀಲಿಲ್ಲ. ಹುಳ ಮೇಲೆ ಮುಟ್ಟಿತೋ ಇಲ್ಲೋ?"

"ಮುಟ್ಟಿತು. ನಾ ನೋಡೀನಲ್ಲ. ಮುಟ್ಟಿ, ಚಿಪ್ಪಿನೊಳಗ ಹೋಗಿ ಮಲಗಿಬಿಡ್ತು."

ಅಕ್ಷರಾ ಹಗ್ಗದಿಂದ ಇನ್ನೊಂದು ಬಟ್ಟೆ ಎಳೆದಳು.

"ಅಕ್ಷರಾ, ನನಗ ಈ ಕೆಲಸ ಬೇಕು. ಊರಾಗ ಏನೂ ಇಲ್ಲ. ಮಾವಗ ಮಾತು ಬರ್ಲಿ ಅಂತನೂ ಅನಸತೈತಿ. ಎರಡೂ ಒಮ್ಮೆಗೆ ಅನಸತಾವ, ಏನ್ ಮಾಡ್ಲಿ?"

"ಮತ್ತೆ ನಾನು?"

"ಅದು ಅಜ್ಜಿದು. ನಾ ಬಾಯಿ ಬಿಟ್ಟು ಕೇಳಿಲ್ಲ."

"ಬೇಡ ಅಂತನೂ ಬಾಯಿ ಬಿಟ್ಟಿಲ್ಲ ನೀನು," ಎಂದಳು ಅಕ್ಷರಾ. "ಅಷ್ಟು ಲೋಟ ಗೆದ್ದೋನು, ಒಂದು ಮಾತು ಹೇಳೋಕಾಗಲಿಲ್ಲ?"

ಅವಳು ಬಟ್ಟೆಯ ರಾಶಿಯನ್ನು ಅವನ ಕೈಗೆ ತುಂಬಿ ಕೆಳಗಿಳಿದಳು.

ಶಿವರಾತ್ರಿಯ ಹಿಂದಿನ ದಿನ ಮೊದಲ ದೊಡ್ಡ ತಂಡ ಬಂತು, ನಲವತ್ತು ಜನ. ಚಂದ್ರಮೌಳೇಶ್ವರರು ಕೊಟ್ಟೂರಯ್ಯನ ಮನೆಯ ಬಾಗಿಲಲ್ಲಿ ನಿಂತು ಹೇಳಿದರು: "ಇವರನ್ನು ನೀವು ಘಾಟಿಗೆ ಇಳಿಸಿ ಕರೆತನ್ನಿ. ಗುರುಪ್ರಕಾಶ ಪಕ್ಕದಲ್ಲಿರಲಿ. ಮಠದ ಪೂಜೆ ಮುಗಿಸಿ ನಾನೂ ಬರುತ್ತೇನೆ. ನಿಮ್ಮಿಂದ ಆದರೆ ಕೆಲಸ ನಿಮ್ಮದೇ. ಆಗದಿದ್ದರೆ ಇವತ್ತಿನಿಂದ ಅವನದು. ಮನಸ್ಸಿಗೆ ಹಚ್ಚಿಕೊಳ್ಳಬೇಡಿ."

ದಾಕ್ಷಾಯಣಿ ಗಂಡನಿಗೆ ವಿಭೂತಿ ಹಚ್ಚಿ, ಒಗೆದ ಧೋತರ ಉಡಿಸಿದಳು. ಅಕ್ಷರಾ ಎಡಗೈ ಹಿಡಿದಳು. ಅಜ್ಜಿ, "ನಾನೂ ಬರ್ತೀನಿ, ಮಾನ ಹೋಗೂದಾದ್ರ ಎಲ್ಲಾರೂ ಕೂಡಿ ಕಳಕೊಳ್ಳೂನು," ಎಂದು ಹಿಂದೆ ಹೊರಟಳು.

ಘಾಟಿನ ಮೇಲಿನ ಮೆಟ್ಟಿಲ ಮೇಲೆ ತಂಡ ನಿಂತಿತು. ಮುಂದೆ ಗದಗಿನ ಕಡೆಯ ಬಸವಣ್ಣೆಮ್ಮ ಎಂಬ ಗಟ್ಟಿ ಮುದುಕಿ. ಅವಳು ನಿಂತಲ್ಲಿ ತಂಡ ನಿಲ್ಲುತ್ತಿತ್ತು, ಅವಳು ಕೆಮ್ಮಿದರೆ ತಂಡವೂ ಕೆಮ್ಮುತ್ತಿತ್ತು. ನಲವತ್ತು ಮುಖಗಳು ಕೊಟ್ಟೂರಯ್ಯನತ್ತ ತಿರುಗಿದವು.

"ಮುಂದೆ," ಎಂದ ಕೊಟ್ಟೂರಯ್ಯ.

ಎಲ್ಲರೂ ಒಂದು ಹೆಜ್ಜೆ ಮುಂದೆ ಬಂದರು.

"ಮುಂದೆ... ಮು... ಮುಂದೆ."

ಇನ್ನೂ ಒಂದು ಹೆಜ್ಜೆ ಬಂದರು. ಮುಂದೆ ಬರಲು ಇನ್ನು ಜಾಗವಿರಲಿಲ್ಲ. ಹಿಂದಿನಿಂದ ಯಾರೋ ಪಿಸುಗುಟ್ಟಿದರು. ಕೊಟ್ಟೂರಯ್ಯನ ಹಣೆಯ ವಿಭೂತಿ ಬೆವರಿಗೆ ಕರಗತೊಡಗಿತು. ಗುರುಪ್ರಕಾಶ ಗಂಟಲು ಸರಿಮಾಡಿಕೊಂಡ. ಅಜ್ಜಿ ಅವನ ಬೆನ್ನಿಗೆ ಕೈ ಇಟ್ಟು ದೂಡಿದಳು. ಅವನು ಅಕ್ಷರಾಳ ಕಡೆ ನೋಡಿದ, ಬಾಯಿ ತೆರೆದ, ಮತ್ತೆ ಮುಚ್ಚಿ ಅಲ್ಲೇ ನಿಂತ.

ಅಕ್ಷರಾ ಅಪ್ಪನ ಎಡಗೈಯನ್ನು ಎತ್ತಿ ಅವನ ತೊಡೆಯ ಮೇಲೆ ಒಮ್ಮೆ ಬಡಿದಳು. ಇನ್ನೊಮ್ಮೆ ಬಡಿದಳು. ಮೂರನೆಯದನ್ನು ಕೈ ತಾನೇ ಬಡಿಯಿತು.

"ಮೆಟ್ಲು ಜಾರ್ತಾವ, ಮೆಲ್ಲಕ ಇಳೀರಿ," ಎಂದು ಹಾಡು ಎತ್ತಿದ ಕೊಟ್ಟೂರಯ್ಯ. ಬಸವನಹುಳುವಿನ ರಾಗ ಘಾಟಿನ ಮೇಲೆ ತೆವಳಿತು.

ಯಾರಾದರೂ ನಗುತ್ತಾರೆಂದು ಅಕ್ಷರಾ ಕಣ್ಣು ಮುಚ್ಚಿಕೊಂಡಳು. ನಗಲಿಲ್ಲ. ನದಿಯ ದಡದಲ್ಲಿ, ವಿಭೂತಿ ಧರಿಸಿದವನೊಬ್ಬ ರಾಗವಾಗಿ ಒಂದು ಸಾಲು ಹೇಳಿ ನಿಲ್ಲಿಸಿದರೆ ಏನು ಮಾಡಬೇಕೆಂಬುದು ಆ ನಲವತ್ತು ಜನಕ್ಕೂ ಗೊತ್ತಿತ್ತು. ಹುಟ್ಟಿದಾಗಿನಿಂದ ಅಯ್ಯನವರು ಹೇಳಿಕೊಟ್ಟದ್ದನ್ನು ಹಾಗೆಯೇ ಹೇಳುತ್ತ ಬಂದವರು ಅವರು. ಬಸವಣ್ಣೆಮ್ಮ ಕೈ ಮುಗಿದಳು. ನಲವತ್ತು ಜೊತೆ ಕೈಗಳು ಮುಗಿದವು.

"ಮೆಟ್ಲು ಜಾರ್ತಾವ, ಮೆಲ್ಲಕ ಇಳೀರಿ," ಎಂದು ಇಡೀ ತಂಡ ಹೇಳಿತು.

ಕೊಟ್ಟೂರಯ್ಯ ಬೆಚ್ಚಿದ. ಆಮೇಲೆ ಎದೆ ತುಂಬ ಉಸಿರು ಎಳೆದುಕೊಂಡ.

"ಚೀಲ ಎದಿಮ್ಯಾಲ, ಮೆಲ್ಲಕ ಇಳೀರಿ!"

"ಚೀಲ ಎದಿಮ್ಯಾಲ, ಮೆಲ್ಲಕ ಇಳೀರಿ!" ಎಂದು ಹೇಳುತ್ತಲೇ ನಲವತ್ತು ಚೀಲಗಳು ಬೆನ್ನಿಂದ ಎದೆಗೆ ಬಂದವು. ಭಾಷಣಕ್ಕೆ ತಲೆದೂಗಿ ಮರೆಯುತ್ತಿದ್ದ ಜನ, ಬಾಯಿಂದ ಹೇಳಿದ್ದನ್ನು ಮೈಯಿಂದ ಮಾಡುತ್ತಿದ್ದರು.

"ಅವ್ವಾ, ಇವರು ಮಂತ್ರ ಅಂದ್ಕೊಂಡಾರ," ಎಂದು ಪಿಸುಗುಟ್ಟಿದಳು ಅಕ್ಷರಾ. "ಅಲ್ಲ ಅಂತ ಹೇಳ್ಲೇನು?"

ದಾಕ್ಷಾಯಣಿ ಮಗಳ ತೋಳನ್ನು ಚಿವುಟಿದಳು. "ಮುಚ್ಚು ಬಾಯಿ. ಒಬ್ಬರಾದ್ರೂ ಜಾರಿಬಿದ್ರೇನು?"

ಯಾರೂ ಜಾರಲಿಲ್ಲ. ಒಬ್ಬರ ಕೈ ಒಬ್ಬರು ಹಿಡಿದು, ಒಂದೊಂದು ಸಾಲಿಗೆ ಎರಡೆರಡು ಮೆಟ್ಟಿಲು ಇಳಿಯುತ್ತಿದ್ದರು. ಅಷ್ಟರಲ್ಲಿ ಚಂದ್ರಮೌಳೇಶ್ವರರು ಧಾವಿಸಿ ಬಂದರು.

"ಏನಿದು ಗುರುಪ್ರಕಾಶ? ಇದು ಯಾವ ಪದ್ಧತಿ? ಕೊಟ್ಟೂರಯ್ಯನವರೇ..."

ಬಸವಣ್ಣೆಮ್ಮ ತಿರುಗಿ ಕಣ್ಣು ಕೆಂಪು ಮಾಡಿದಳು. "ಯಾರ್ರೀ ನೀವು? ಮಂತ್ರದ ನಡುವ ಬಾಯಿ ಹಾಕಬ್ಯಾಡ್ರಿ. ಕಾಲಾಗ ಚಪ್ಪಲಿ ಬ್ಯಾರೆ!"

ನಲವತ್ತು ಜನ ಅವರ ಕಾಲು ನೋಡಿದರು. ಚಂದ್ರಮೌಳೇಶ್ವರರು ಮುದುಕಿಯನ್ನು ನೋಡಿದರು, ಎದೆಗಪ್ಪಿದ ಚೀಲಗಳನ್ನು ನೋಡಿದರು, ನಿಂತಲ್ಲೇ ತೊಡೆ ತಟ್ಟುತ್ತಿದ್ದ ಕೊಟ್ಟೂರಯ್ಯನನ್ನು ನೋಡಿದರು. ಮೆಲ್ಲನೆ ಚಪ್ಪಲಿ ಬಿಟ್ಟರು.

"ಗುರುಪ್ರಕಾಶ," ಎಂದರು ತಗ್ಗಿದ ದನಿಯಲ್ಲಿ, "ಮಧ್ಯಾಹ್ನ ಬೀದರಿನ ತಂಡ ಬರುತ್ತದೆ. ಸ್ಟೇಷನ್ನಿಗೆ ನೀನು ಹೋಗು, ಸಾಮಾನು ನೋಡಿಕೋ. ಘಾಟಿಗೆ ಇವರೇ ಇಳಿಸಲಿ. ಮುಂದೆಯೂ ಇವರೇ."

"ಆತ್ರಿ," ಎಂದ ಗುರುಪ್ರಕಾಶ. ಅವನ ಮುಖ ಬಾಡಿತು. ಹೆಗಲು ಮಾತ್ರ ಏನೋ ಇಳಿಸಿದಂತೆ ಸಡಿಲವಾಯಿತು. ಅಜ್ಜಿ ಏನೋ ಹೇಳಲು ಹೊರಟಳು. "ಸುಮ್ನಿರಬೇ," ಎಂದ ಅವನು, ಮೊದಲ ಸಲ.

ಕೊಟ್ಟೂರಯ್ಯ ಇದೊಂದನ್ನೂ ಕೇಳಿಸಿಕೊಂಡಿರಲಿಲ್ಲ. ಅವನ ಕಣ್ಣು ಮೇಲಿನ ಛಾವಣಿಯ ಅಂಚಿನಲ್ಲಿತ್ತು. ಅಲ್ಲಿ ಎರಡು ಕೋತಿಗಳು ಬಂದು ಕೂತಿದ್ದವು. ಎಡಗೈ ಜೋರಾಗಿ ತೊಡೆಯ ಮೇಲೆ ಬಿತ್ತು.

"ಮಂಗ್ಯಾ ಬಂದಾವ, ಕನ್ನಡಕ ತೆಗೀರಿ!"

"ಮಂಗ್ಯಾ ಬಂದಾವ, ಕನ್ನಡಕ ತೆಗೀರಿ!" ಎಂದಿತು ಘಾಟು.

ಚಂದ್ರಮೌಳೇಶ್ವರರು ಕಣ್ಣು ಮುಚ್ಚಿ, ಇಸ್ತ್ರಿ ಇಲ್ಲದ ಆ ಸಾಲನ್ನು ಭಕ್ತಿಯಿಂದ ಹೇಳಿ, ಕನ್ನಡಕ ತೆಗೆದು ಎದೆಗೆ ಒತ್ತಿಕೊಂಡರು.